ಬೋಟಿಗೆ ಹೊಸ ಪೈಂಟ್ ಆಯ್ತು, ಜಿಪಿಎಸ್ ಕಾಣ್ತದಾ?

ಗಂಗೊಳ್ಳಿ: ಮೀನುಗಾರಿಕೆ ನಿಷೇಧ ಮುಗಿಯೋಕೆ ಇನ್ನು ಕೆಲವೇ ದಿನ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿ ಕೂತ ಬೋಟುಗಳು ಆಗಸ್ಟ್ 1ರಿಂದ ಮತ್ತೆ ಕಡಲಿಗೆ ಇಳೀಬಹುದು. ಬಂದರಿನಲ್ಲಿ ಈಗ ಎಲ್ಲಿ ನೋಡಿದ್ರೂ ಪೈಂಟ್ ವಾಸನೆ, ವೆಲ್ಡಿಂಗ್ ಕಿಡಿ, ಬಲೆ ಹೆಣೆಯೋರ ಸಾಲು. ಇಂಜಿನ್ ಬಿಚ್ಚಿ ಸರ್ವಿಸ್ ಮಾಡಿಸಿದ್ದಾರೆ, ಹೊಸ ಹಗ್ಗ ಬಂದಿದೆ, ಬೋಟಿನ ಮೂತಿಗೆ ಹೆಸರು ಹೊಸದಾಗಿ ಬರೆಸಿದ್ದಾರೆ.

ಆದರೆ ಕ್ಯಾಬಿನ್ ಒಳಗೆ ಹೋಗಿ ಜಿಪಿಎಸ್ ಪರದೆ ನೋಡಿ. ಕೆಲವು ಬೋಟುಗಳಲ್ಲಿ ಅದು ಹಳೆ ಬಾತ್‌ರೂಮ್ ಕಿಟಕಿ ಥರ ಆಗಿದೆ. ಬಿಳಿ ಮಂಜು, ಅಡ್ಡಾದಿಡ್ಡಿ ಗೀರು, ಅಂಚಿನಲ್ಲಿ ಹಳದಿ. ದಿಕ್ಸೂಚಿಯ ಮೇಲಿನ ಪ್ಲಾಸ್ಟಿಕ್ ಗುಮ್ಮಟದಲ್ಲಿ ಜೇಡರ ಬಲೆಯಂಥ ಬಿರುಕು. ಇಂಜಿನ್ ಬಿಸಿ ತೋರಿಸೋ ಮೀಟರಿನ ಮುಳ್ಳು ಎಲ್ಲಿದೆ ಅಂತ ಟಾರ್ಚ್ ಹಾಕಿ ಹುಡುಕಬೇಕು. ಯಾಕೆ ಸರಿ ಮಾಡಿಸಿಲ್ಲ ಅಂದ್ರೆ, ಅಭ್ಯಾಸ ಆಗಿದೆ, ನಮಗೆ ಗೊತ್ತಾಗ್ತದೆ ಅನ್ನೋ ಉತ್ತರ.

ಗೊತ್ತಾಗ್ತದೆ ಅನ್ನೋದು ಎಲ್ಲಿವರೆಗೆ ಅಂತ ಹೇಳ್ತೇನೆ.

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಆಳಸಮುದ್ರ ಟ್ರಾಲ್ ಬೋಟಿನ ತಾಂಡೇಲ. ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಕಡಲ ಅಡಿಯಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಹಳೆ ಬೋಟ್ ಮುಳುಗಿ ಕೂತಿದೆ, ಎಲ್ಲಿ ಬಲೆ ಎಳೆಯಬಾರದು ಅಂತ ಅಕ್ಷಾಂಶ, ರೇಖಾಂಶ ಸಮೇತ ಬರೆದಿಟ್ಟಿದ್ದಾರೆ. ಹೋದ ಸೀಸನ್‌ನಲ್ಲಿ ಒಂದು ಬೆಳಿಗ್ಗೆ ಪಡುವಣಕ್ಕೆ ಮೂತಿ ಮಾಡಿ ಬಲೆ ಎಳೀತಾ ಇದ್ರು. ಬೆನ್ನ ಹಿಂದಿನಿಂದ ಸೂರ್ಯ ಏರಿ, ಕ್ಯಾಬಿನ್ ಬಾಗಿಲಿನಿಂದ ಬಿಸಿಲು ಸೀದಾ ಪರದೆ ಮೇಲೆ ಬಿತ್ತು. ಮಂಜಾದ ಪ್ಲಾಸ್ಟಿಕ್ ಮೇಲೆ ಬಿಸಿಲು ಬಿದ್ದರೆ ಇಡೀ ಪರದೆ ಬೆಳ್ಳಗೆ ಹೊಳೆಯುತ್ತದೆ. 8 ಅನ್ನೋ ಅಂಕಿಯ ಎಡಬದಿಯ ಎರಡು ಗೆರೆ ಕಾಣಲಿಲ್ಲ. 8ರ ಎಡಗಡೆ ಅಳಿಸಿದ್ರೆ ಏನಾಗ್ತದೆ? 3.

ಅಕ್ಷಾಂಶದ ಒಂದು ಮಿನಿಟ್ ಅಂದ್ರೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ. ದಶಾಂಶ ಚುಕ್ಕಿಯ ನಂತರದ ಮೊದಲ ಅಂಕಿಯಲ್ಲಿ 8ನ್ನು 3 ಅಂತ ಓದಿದ್ರೆ 900 ಮೀಟರಿಗೂ ಹೆಚ್ಚು ವ್ಯತ್ಯಾಸ. ಚುಕ್ಕಿಗೆ ಮೊದಲಿನ ಅಂಕಿಯಲ್ಲಿ ಅದೇ ತಪ್ಪಾದ್ರೆ 9 ಕಿ.ಮೀ. ಮಾವನದ್ದು ಮೊದಲನೇ ಥರದ ತಪ್ಪು. ಕಲ್ಲು ಇನ್ನೂ ದೂರ ಇದೆ ಅಂದ್ಕೊಂಡಿದ್ರು, ಅದು ಕೆಳಗೇ ಇತ್ತು. ಬಲೆ ಸಿಕ್ಕಿಹಾಕಿಕೊಂಡಿತು, ಎಳೆದ್ರೆ ಹರಿದು ಅರ್ಧ ಅಲ್ಲೇ ಉಳೀತು. ಆ ಟ್ರಿಪ್ ಅಲ್ಲಿಗೆ ಮುಗೀತು. ಐಸ್, ಡೀಸೆಲ್, ಕೆಲಸದವರ ಬತ್ತೆ ಎಲ್ಲ ಮೈಮೇಲೆ. ಬಲೆಗೆ ತೆಗೆದ ಸಾಲ ಸೊಸೈಟಿಯಲ್ಲಿ ಇವತ್ತಿಗೂ ಇದೆ.

ಬೋಟಿನ ಓನರ್ ಆ ಜಿಪಿಎಸ್ ಸೆಟ್ಟನ್ನು ಊರ ಹೊರಗಿನ ಒಂದು ಸರ್ವಿಸ್ ಅಂಗಡಿಗೆ ಕಳಿಸಿದ್ರು. ಆ ಮಾಡೆಲ್ ನಿಂತುಹೋಗಿದೆ, ಮುಂದಿನ ಪ್ಲಾಸ್ಟಿಕ್ ಮಾತ್ರ ಸಿಗಲ್ಲ, ಹೊಸ ಸೆಟ್ ತಗೊಳ್ಳಿ ಅಂದ್ರಂತೆ. ಒಳಗಿನ ಮೆಷಿನ್‌ಗೆ ಏನೂ ಆಗಿರಲಿಲ್ಲ. ಉಪಗ್ರಹ ಹಿಡೀತದೆ, ಸ್ಥಳ ಸರಿಯಾಗೇ ತೋರಿಸ್ತದೆ, ನಮಗೆ ಕಾಣೋದಿಲ್ಲ ಅಷ್ಟೇ.

ಈಗ ಇದನ್ನ ಬರೆಯೋಕೆ ಇನ್ನೊಂದು ಕಾರಣ ಇದೆ. ಕಡಲಿನಲ್ಲಿ ಸುರಕ್ಷತೆ ಅಂದ ಕೂಡಲೇ ಸರ್ಕಾರದ ಕಡೆಯಿಂದ ಕೇಳಿ ಬರೋದು ಹೊಸ ಉಪಕರಣದ ಮಾತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಗಿ, 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕಡೆ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿದ್ದು ಕರಾವಳಿಯಲ್ಲಿ ಯಾರೂ ಮರೆತಿಲ್ಲ. ಬೋಟ್ ಎಲ್ಲಿದೆ ಅಂತ ದಡದಲ್ಲಿರೋರಿಗೆ ಗೊತ್ತಾಗಬೇಕು ಅನ್ನೋ ಬೇಡಿಕೆ ಆಮೇಲೆ ಇನ್ನೂ ಜೋರಾಯ್ತು. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಕೊಟ್ಟ ಯೋಜನೆಯಲ್ಲಿ, ದೇಶದ ಕರಾವಳಿಯ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಹಾಕುವ ಗುರಿ ಇದೆ. ಮೊಬೈಲಿನಲ್ಲಿ ನಭಮಿತ್ರ ಆಪ್ ಹಾಕಿ ಆ ಟ್ರಾನ್ಸ್‌ಪಾಂಡರ್‌ಗೆ ಜೋಡಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಸಣ್ಣ ಸಂದೇಶ ಕಳಿಸಬಹುದು, ಹವಾಮಾನದ ಎಚ್ಚರಿಕೆ ಬರ್ತದೆ.

ಒಳ್ಳೆ ಕೆಲಸ. ಇದರ ಬಗ್ಗೆ ತಕರಾರಿಲ್ಲ. ಆದರೆ ಟ್ರಾನ್ಸ್‌ಪಾಂಡರ್ ಇರೋದು ಬೋಟ್ ಎಲ್ಲಿದೆ ಅಂತ ದಡಕ್ಕೆ ಹೇಳೋಕೆ. ಬೋಟ್ ಎಲ್ಲಿದೆ ಅಂತ ತಾಂಡೇಲನಿಗೆ ಪ್ರತಿ ನಿಮಿಷ ಹೇಳೋದು ಕ್ಯಾಬಿನ್‌ನಲ್ಲಿರೋ ಹಳೆ ಜಿಪಿಎಸ್, ಫಿಶ್ ಫೈಂಡರ್, ದಿಕ್ಸೂಚಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲ ಮೇಲ್ಮೈಯ ಬಿಸಿ, ನೀರಿನ ಹಸಿರು ಬಣ್ಣವನ್ನು ಉಪಗ್ರಹದಿಂದ ನೋಡಿ ಮೀನು ಸಿಗಬಹುದಾದ ಜಾಗ ಹೇಳ್ತದಲ್ಲ, ಅದೂ ಬರೋದು ದಿಕ್ಕು, ದೂರ, ಆಳ, ಅಕ್ಷಾಂಶ, ರೇಖಾಂಶದ ಅಂಕಿಗಳಲ್ಲಿ. ಅಂಕಿ ಓದೋಕೆ ಬರದ ಪರದೆ ಇಟ್ಟುಕೊಂಡು ಆ ಮಾಹಿತಿ ತಗೊಂಡು ಮಾಡೋದೇನು? ದಡದಿಂದ 12 ನಾಟಿಕಲ್ ಮೈಲಿನ ಒಳಗೆ ಆಯಾ ರಾಜ್ಯದ ಕಾನೂನು. ಗೋವಾ, ಮಹಾರಾಷ್ಟ್ರದ ಗಡಿಯಲ್ಲಿ ನಮ್ಮ ಬೋಟುಗಳಿಗೆ ಆಗುವ ತಕರಾರು ಹೊಸದಲ್ಲ. ಅಲ್ಲಿ ಬೋಟ್ ಹಿಡಿದಾಗ ನಮ್ಮ ಪರದೆ ಮಂಜಾಗಿತ್ತು ಅಂತ ಹೇಳಿದ್ರೆ ದಂಡ ಕಡಿಮೆ ಮಾಡ್ತಾರಾ?

ಯಾಕೆ ಹಾಳಾಗ್ತದೆ

ಬಿ.ಕಾಂ ಎರಡನೇ ವರ್ಷಕ್ಕೆ ಬಿಟ್ಟ ಮೇಲೆ ನಾನು ಎಂಟು ತಿಂಗಳು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಪತ್ರಿಕೋದ್ಯಮಕ್ಕೆ ಅದು ಎಷ್ಟು ಉಪಯೋಗ ಆಯ್ತೋ ಗೊತ್ತಿಲ್ಲ, ಪ್ಲಾಸ್ಟಿಕ್ ಬಗ್ಗೆ ಒಂದಿಷ್ಟು ಕಲಿತೆ. ಮೀಟರ್, ದಿಕ್ಸೂಚಿ, ಪರದೆ ಮುಂದಿನ ಪಾರದರ್ಶಕ ಪ್ಲಾಸ್ಟಿಕ್ ಹೆಚ್ಚಾಗಿ ಎರಡು ಜಾತಿ. ಒಂದು ಅಕ್ರಿಲಿಕ್, ಇನ್ನೊಂದು ಪಾಲಿಕಾರ್ಬೊನೇಟ್. ಅಕ್ರಿಲಿಕ್ ಬಿಸಿಲಿಗೆ ಬೇಗ ಹಳದಿ ಆಗಲ್ಲ, ಆದರೆ ಪೆಟ್ಟು ಬಿದ್ದರೆ ಒಡೀತದೆ, ಥಿನ್ನರ್ ತಾಗಿದರೆ ಬಿರುಕು ಬಿಡ್ತದೆ. ಪಾಲಿಕಾರ್ಬೊನೇಟ್ ಪೆಟ್ಟು ತಡೀತದೆ, ಆದರೆ ಮೇಲಿನ ಲೇಪ ಹೋದ ಮೇಲೆ ಬಿಸಿಲಿಗೆ ಹಳದಿ ಆಗ್ತದೆ, ಬೇಗ ಗೀರು ಬೀಳ್ತದೆ. ಹಳೆ ಕಾರಿನ ಹೆಡ್‌ಲೈಟ್ ಮಂಜಾಗಿರೋದು ನೋಡಿದ್ದೀರಲ್ಲ, ಅದೇ ಪ್ಲಾಸ್ಟಿಕ್, ಅದೇ ಕಾಯಿಲೆ.

ಬಿಸಿಲು ಮಾಡೋ ಹಾಳಿಗಿಂತ ನಾವು ಮಾಡೋದು ಜಾಸ್ತಿ. ಉಪ್ಪುನೀರು ಸಿಡಿದು ಒಣಗಿದ ಮೇಲೆ ಪರದೆ ಮೇಲೆ ಉಪ್ಪಿನ ಹರಳು, ಧೂಳು ಕೂತಿರ್ತದೆ. ಅದನ್ನ ಲುಂಗಿ ತುದಿಯಲ್ಲೋ ಬೈರಾಸಿನಲ್ಲೋ ಒಣಗಿದಾಗಲೇ ಉಜ್ಜೋದು. ಅದು ಒರೆಸೋದಲ್ಲ, ಮರಳು ಕಾಗದ ಹಾಕಿ ತಿಕ್ಕೋದು. ಅದೂ ಹೋಗದಿದ್ದರೆ ಡೀಸೆಲ್. ಇನ್ನೂ ಹೋಗದಿದ್ದರೆ ಪೈಂಟಿನವನ ಥಿನ್ನರ್. ಈ ಎರಡು ತಿಂಗಳಲ್ಲಿ ಬಂದರಿನಲ್ಲಿ ಥಿನ್ನರ್ ಡಬ್ಬಿ ಎಲ್ಲಿ ಬೇಕಾದ್ರೂ ಸಿಗ್ತದೆ, ಹಾಗಾಗಿ ರಜೆಯಲ್ಲೇ ಹೆಚ್ಚು ಪರದೆ ಹಾಳಾಗ್ತದೆ ಅಂತ ನನಗೆ ಅನುಮಾನ. ಮೊದಲ ದಿನ ಫಳಫಳ ಹೊಳೀತದೆ. ಆಮೇಲೆ ಕೂದಲೆಳೆಯಂಥ ಬಿರುಕು ಏಳ್ತದೆ. ಆ ಬಿರುಕು ಪಾಲಿಶ್ ಮಾಡಿದ್ರೆ ಹೋಗೋದಿಲ್ಲ, ಅದು ಪ್ಲಾಸ್ಟಿಕ್‌ನ ಒಳಗೇ ಇಳಿದಿರ್ತದೆ.

ಮನೆಯಲ್ಲಿ ಕನ್ನಡಿ ಒರೆಸೋ ಅಮೋನಿಯಾ ಇರುವ ದ್ರವವೂ ಬೇಡ. ಗಾರ್ಮಿನ್ ಕಂಪನಿಯ ಕೈಪಿಡಿಯಲ್ಲೇ ಇದು ಬರೆದಿದೆ. ಅಮೋನಿಯಾ ಇರೋ ಕ್ಲೀನರ್ ಪರದೆಯ ಪ್ರತಿಫಲನ ತಡೆಯುವ ಲೇಪವನ್ನು ಹಾಳು ಮಾಡ್ತದೆ ಅಂತ. ಆ ಕೈಪಿಡಿ ಇಂಗ್ಲಿಷ್‌ನಲ್ಲಿ ಇರ್ತದೆ, ಡಬ್ಬಿ ಜೊತೆ ಮೊದಲ ವಾರವೇ ಗುಜರಿಗೆ ಹೋಗಿರ್ತದೆ.

ಸರಿಯಾದ ಕ್ರಮಕ್ಕೆ ಖರ್ಚೇ ಇಲ್ಲ. ಮೊದಲು ಸಿಹಿನೀರು ಹಾಕಿ ಉಪ್ಪು ಕರಗಿಸಬೇಕು, ಆಮೇಲೆ ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ಒತ್ತದೆ ಒರೆಸಬೇಕು. ಬೋಟಿನಲ್ಲಿ ಸಿಹಿನೀರು ಕುಡಿಯೋಕೇ ಲೆಕ್ಕ ಹಾಕಿ ಇಟ್ಟಿರ್ತಾರೆ ಅನ್ನೋದು ನಿಜ. ಆದರೂ ಪರದೆಗೆ ಬೇಕಾಗಿರೋದು ಅರ್ಧ ಲೋಟ.

ಯಾವುದನ್ನು ಉಜ್ಜಬಹುದು, ಯಾವುದನ್ನು ಮುಟ್ಟಬಾರದು

ಇದೇ ಮುಖ್ಯ ವಿಷಯ. ಬೋಟಿನಲ್ಲಿ ಎಲ್ಲ ಪ್ಲಾಸ್ಟಿಕ್ ಒಂದೇ ಅಂತ ತಿಳ್ಕೊಂಡು ಎಲ್ಲದಕ್ಕೂ ಒಂದೇ ಮದ್ದು ಹಾಕೋದ್ರಿಂದ ಸೆಟ್ ಹೋಗ್ತದೆ.

ಇಂಜಿನ್ ಮೀಟರುಗಳ ಮುಂದಿನ ಪ್ಲಾಸ್ಟಿಕ್, ಜಿಪಿಎಸ್ ಮುಂದೆ ಬೇರೆಯಾಗಿ ಕೂರಿಸಿದ ಪಾರದರ್ಶಕ ಹಾಳೆ, ಇಂಥದ್ದನ್ನು ಉಜ್ಜಿ ಸರಿ ಮಾಡಬಹುದು. ಕಾರಿನ ಹೆಡ್‌ಲೈಟ್ ಪಾಲಿಶ್ ಮಾಡೋರು ಮಾಡೋ ಕೆಲಸವೇ. ಮೊದಲು ಚೆನ್ನಾಗಿ ತೊಳೆದು, ಸುತ್ತಲೂ ಟೇಪ್ ಅಂಟಿಸಿ, 1000 ನಂಬರಿನ ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಕೈಯಲ್ಲೇ ಉಜ್ಜಬೇಕು. ಆಮೇಲೆ 1500, ಆಮೇಲೆ 2000. ಈ ಹಂತದಲ್ಲಿ ಪ್ಲಾಸ್ಟಿಕ್ ಮೊದಲಿಗಿಂತ ಬಿಳಿ ಆಗಿ ಕಾಣ್ತದೆ, ಹೆದರಬಾರದು. ಗೀರುಗಳೆಲ್ಲ ಒಂದೇ ಸಮ ಆಗಿವೆ ಅಂತ ಅದರ ಅರ್ಥ. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದ್ರೆ ತಿಳಿಯಾಗ್ತದೆ. ಗೀರು ತೀರಾ ಸಣ್ಣದಾಗಿದ್ರೆ ಪೇಪರ್ ಬೇಡ, ಕಾಂಪೌಂಡ್ ಒಂದೇ ಸಾಕು. ಬೇಗ ಆಗಲಿ ಅಂತ ಡ್ರಿಲ್ ಮೆಷಿನ್‌ಗೆ ಬಫ್ ಹಾಕಿ ಒತ್ತಿದ್ರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಅಲೆ ಅಲೆ ಆಗ್ತದೆ. ನಾನು ಮಾವನ ಬೋಟಿನ ಬಿಸಿ ಮೀಟರಿನ ಗಾಜು, ಗಾಜು ಅಂತೇವೆ, ಪ್ಲಾಸ್ಟಿಕ್ಕೇ, ಹೀಗೆ ಮಾಡಿದೆ. ಒಂದೂವರೆ ಗಂಟೆ ಹಿಡೀತು. ಮುಳ್ಳು ಮಾತ್ರ ಅಲ್ಲ, ಕೆಳಗೆ ಬರೆದ ಕಂಪನಿ ಹೆಸರೂ ಕಂಡಿತು.

ಇದು ಶಾಶ್ವತ ಅಲ್ಲ ಅಂತ ಮೊದಲೇ ಹೇಳಿಬಿಡ್ತೇನೆ. ಉಜ್ಜಿದಾಗ ಬಿಸಿಲು ತಡೆಯೋ ಮೇಲಿನ ಲೇಪವೂ ಹೋಗ್ತದೆ. ಕಾರಿಗೆ ಹಾಕೋ ವ್ಯಾಕ್ಸ್ ಸವರಿದ್ರೆ ಸ್ವಲ್ಪ ತಡೆದೀತು. ಬಿಸಿಲಿಗೆ ತೆರೆದಿಟ್ಟರೆ ಮತ್ತೆ ಮಂಜು ಬಂದೇ ಬರ್ತದೆ.

ಜಿಪಿಎಸ್ ಅಥವಾ ಫಿಶ್ ಫೈಂಡರಿನ ಸ್ವಂತ ಪರದೆಯನ್ನು ಮಾತ್ರ ಹೀಗೆ ಉಜ್ಜಬೇಡಿ. ಬಣ್ಣದ ಪರದೆಗಳ ಮೇಲೆ ಪ್ರತಿಫಲನ ತಡೆಯೋ ತೆಳು ಲೇಪ ಇರ್ತದೆ. ವಾಟರ್ ಪೇಪರ್, ಕಾಂಪೌಂಡ್, ವ್ಯಾಕ್ಸ್, ಟೂತ್‌ಪೇಸ್ಟ್ ಯಾವುದೂ ಅದಕ್ಕೆ ಆಗಿಬರಲ್ಲ. ಲೇಪ ಅಲ್ಲಲ್ಲಿ ಎದ್ದುಹೋಗಿ ಚಿಬ್ಬು ಹಿಡಿದ ಮುಖದ ಥರ ಆಗ್ತದೆ. ಹಾಗೆ ಹಾಳಾಗಿದ್ದರೆ ಮುಂದಿನ ಗಾಜು ಅಥವಾ ಪ್ಲಾಸ್ಟಿಕ್ ಬದಲಿಸೋದೇ ದಾರಿ. ಅದಕ್ಕೆ ಸೆಟ್ ಬಿಚ್ಚಬೇಕು. ಬಿಚ್ಚಿದ ಮೇಲೆ ಕಂಪನಿ ಹೇಳಿದ ನೀರು ತಡೆಯೋ ಗುಣ ಇರೋದಿಲ್ಲ. ಐಪಿಎಕ್ಸ್7 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯಬೇಕು ಅಂತ ಅರ್ಥ. ಮೊಬೈಲ್ ಅಂಗಡಿಯಲ್ಲಿ ಬಿಚ್ಚಿ ಮುಚ್ಚಿದ ಸೆಟ್ಟಿಗೆ ಆ ಭರವಸೆ ಯಾರೂ ಕೊಡೋದಿಲ್ಲ. ಕೆಲಸ ಗೊತ್ತಿರೋರ ಕೈಯಲ್ಲಿ ಮಾಡಿಸಿ, ಇಲ್ಲಾಂದ್ರೆ ಬಿಡಿ. ಮಂಜು ಇರೋದು ಹೊರಗಲ್ಲ, ಒಳಗೆ ಬೆವರು ಕಟ್ಟಿದ ಹಾಗೆ ಕಾಣ್ತಿದೆ ಅಂದ್ರೆ ಪಾಲಿಶ್ ಮಾತೇ ಇಲ್ಲ. ಸೀಲ್ ಹೋಗಿ ತೇವ ಒಳಗೆ ಬಂದಿದೆ.

ದಿಕ್ಸೂಚಿ ಬೇರೆಯೇ ಲೆಕ್ಕ. ಅದರ ಗುಮ್ಮಟದೊಳಗೆ ದ್ರವ ತುಂಬಿರ್ತದೆ. ಹೊರಗೆ ಸಣ್ಣ ಗೀರು ಇದ್ದರೆ ಕಾಂಪೌಂಡ್ ಹಾಕಿ ಕೈಯಲ್ಲಿ ಮೆಲ್ಲಗೆ ಉಜ್ಜಬಹುದು. ಆದರೆ ಬಿರುಕು ಬಿಟ್ಟಿದ್ದರೆ, ಅಥವಾ ಒಳಗೆ ದೊಡ್ಡ ಗಾಳಿಗುಳ್ಳೆ ಓಡಾಡ್ತಿದ್ದರೆ ದ್ರವ ಸೋರಿದೆ ಅಂತಲೇ. ಗುಮ್ಮಟ ಬದಲಿಸಬೇಕು, ಸಿಗದಿದ್ದರೆ ಇಡೀ ದಿಕ್ಸೂಚಿಯನ್ನೇ. ಇದರಲ್ಲಿ ಕಂಜೂಸಿ ಬೇಡ. ಬ್ಯಾಟರಿ ಹೋದ ರಾತ್ರಿ ಕರೆಂಟ್ ಇಲ್ಲದೆ ಕೆಲಸ ಮಾಡೋದು ಅದೊಂದೇ. ಹೊಸದು ಕೂರಿಸುವಾಗ ಕಬ್ಬಿಣದ ಸ್ಕ್ರೂ ಹಾಕಬೇಡಿ, ಹಿತ್ತಾಳೆಯದ್ದು ಹಾಕಿ. ಹತ್ತಿರ ಕಬ್ಬಿಣ, ಸ್ಪೀಕರ್ ಇದ್ದರೆ ಮುಳ್ಳು ಸುಳ್ಳು ಹೇಳ್ತದೆ.

ಇನ್ನು ಸೆಟ್ ಮೇಲೆ ಒತ್ತಿ ಕೂರಿಸೋ ಮುಚ್ಚಳ, ಕಂಪನಿಯವರು ಕೊಡೋ ಬಿಳಿ ಅಥವಾ ಕಪ್ಪು ಕವರ್. ಬಿಸಿಲಿಗೆ ಒಣಗಿ ಹಪ್ಪಳ ಆಗಿ ಮೂಲೆಯ ಕೊಕ್ಕೆ ಮುರಿದುಹೋಗ್ತದೆ. ಆಮೇಲೆ ಅದು ಕ್ಯಾಬಿನ್ ಮೂಲೆಯಲ್ಲಿ ಬೀಡಿ ಬೂದಿ ಹಾಕೋ ತಟ್ಟೆ. ಪರದೆ ಹಾಳಾಗೋಕೆ ಶುರು ಆಗೋದು ಈ ಮುಚ್ಚಳ ಹೋದ ದಿನದಿಂದಲೇ. ಸೂಪರ್ ಗ್ಲೂ ಹಾಕಿ ಅಂಟಿಸಿದ್ರೆ ನಿಲ್ಲೋದಿಲ್ಲ, ಅದರ ಹಬೆ ಪಕ್ಕದ ಪಾರದರ್ಶಕ ಪ್ಲಾಸ್ಟಿಕ್ಕನ್ನೂ ಬಿಳಿ ಮಾಡ್ತದೆ.

ಇದು ಪೇಟೆಯವರ ಕೆಲಸವೂ ಹೌದು

ಅಂಗಡಿಯವರು ಇಲ್ಲಿವರೆಗೆ ಓದಿದ್ದರೆ, ಈ ಮಾತು ನಿಮಗೆ. ಗಂಗೊಳ್ಳಿಯಿಂದ ಹೊಳೆಯಾಚೆ ಕುಂದಾಪುರ ಕಣ್ಣಿಗೆ ಕಾಣ್ತದೆ, ಆದರೆ ರಸ್ತೆಯಲ್ಲಿ ಹೋಗೋಕೆ ತ್ರಾಸಿ, ಹೆಮ್ಮಾಡಿ ಸುತ್ತಬೇಕು. ಬೋಟಿನ ಸಾಮಾನು ಅಂದ್ರೆ ಅಲ್ಲಿಂದಲೂ ಮುಂದೆ ಮಲ್ಪೆ, ಮಂಗಳೂರು. ಅರ್ಧ ಅಡಿ ಪ್ಲಾಸ್ಟಿಕ್‌ಗೆ ಒಂದು ದಿನದ ಕೆಲಸ ಬಿಟ್ಟು ಯಾರು ಹೋಗ್ತಾರೆ?

ಹೋಗಬೇಕಾಗಿಯೂ ಇಲ್ಲ. ಬೋರ್ಡ್ ಬರೆಯೋ ಅಂಗಡಿಗಳಲ್ಲಿ ಅಕ್ರಿಲಿಕ್ ಹಾಳೆ ಇರ್ತದೆ, ಲೇಸರ್ ಕಟಿಂಗ್ ಮೆಷಿನ್ ಇರೋರೂ ಇದ್ದಾರೆ. ಹಳೆ ತುಂಡಿನ ಅಳತೆ ಕೊಟ್ಟರೆ 2 ಅಥವಾ 3 ಮಿ.ಮೀ. ದಪ್ಪದ ಹೊಸದು ಕತ್ತರಿಸಿ ಕೊಡಬಹುದು. ಪಾಲಿಕಾರ್ಬೊನೇಟ್ ಲೇಸರಿಗೆ ಸುಟ್ಟು ಕಂದು ಆಗ್ತದೆ, ಅದಕ್ಕೆ ಗರಗಸವೇ ಆಗಬೇಕು. ಸ್ಕ್ರೂ ತೂತು ಸ್ವಲ್ಪ ದೊಡ್ಡದಿರಲಿ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಬಿಗಿ ಮಾಡಿದ್ರೆ ತೂತಿನಿಂದಲೇ ಬಿರುಕು ಶುರು. ಹಾರ್ಡ್‌ವೇರ್ ಅಂಗಡಿಯವರು ಸಿಲಿಕಾನ್ ಕೊಡುವಾಗ ಒಂದು ಮಾತು ಕೇಳಿ. ಹುಳಿ ವಾಸನೆ, ವಿನೆಗರ್ ವಾಸನೆ ಬರೋ ಜಾತಿಯದ್ದು ಬಾತ್‌ರೂಮಿಗೆ ಸರಿ, ತಾಮ್ರದ ತಂತಿ ಇರೋ ಉಪಕರಣಕ್ಕೆ ಬೇಡ, ತುಕ್ಕು ಹಿಡಿಸ್ತದೆ. ನ್ಯೂಟ್ರಲ್ ಅಂತ ಬರೆದದ್ದು ಕೊಡಿ.

ಮುಚ್ಚಳಕ್ಕಂತೂ ಸುಲಭ ದಾರಿ ಇದೆ. ರಿಕ್ಷಾ ಸೀಟು, ಹುಡ್ ಹೊಲಿಯೋ ಕುಷನ್ ಕೆಲಸದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಹೊರಗೆ ರೆಕ್ಸಿನ್, ಒಳಗೆ ಮೆತ್ತನೆ ಹತ್ತಿ ಬಟ್ಟೆ, ಅಂಚಿಗೆ ಇಲಾಸ್ಟಿಕ್. ಯಾವ ಮಾಡೆಲ್ ನಿಂತುಹೋದ್ರೂ ಅಳತೆ ತಗೊಂಡು ಹೊಲಿಯಬಹುದು. ಒಳಬಟ್ಟೆ ಉಪ್ಪು ಹೀರಿ ಗಟ್ಟಿಯಾಗ್ತದೆ, ದಡಕ್ಕೆ ಬಂದಾಗ ಒಮ್ಮೆ ಸಿಹಿನೀರಿನಲ್ಲಿ ತೊಳೆಯಬೇಕು. ಮಾವನ ಸೆಟ್ಟಿಗೆ ಹೊಲಿಸಿದ್ದು ರಿಕ್ಷಾದ ಹಳದಿ ರೆಕ್ಸಿನ್‌ನಲ್ಲಿ, ಅವರ ಹತ್ತಿರ ಉಳಿದ ತುಂಡು ಅದೇ ಇತ್ತು. ಬೋಟಿನವರು ಈಗ ಅದಕ್ಕೆ ಮೀಟರ್ ಎಷ್ಟಾಯ್ತು ಅಂತ ಕೇಳ್ತಾರೆ.

ಸರ್ಕಾರದ ಕಡೆ ಒಂದು ಪ್ರಶ್ನೆ ಬಾಕಿ ಇದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕಂಪನಿಗಳು ಬಿಡಿಭಾಗ, ರಿಪೇರಿ ವಿವರ ಗ್ರಾಹಕರಿಗೆ ಸಿಗುವ ಹಾಗೆ ಮಾಡಬೇಕು ಅನ್ನೋದು ಉದ್ದೇಶ. ಅದರಲ್ಲಿ ತಗೊಂಡ ವಲಯ ನಾಲ್ಕು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆ ವಸ್ತು, ವಾಹನ. ರೈತನ ಟ್ರ್ಯಾಕ್ಟರಿಗೆ ಒಂದು ಸಾಲು ಸಿಕ್ಕಿತು, ಮೀನುಗಾರನ ಬೋಟಿಗೆ ಪ್ರತ್ಯೇಕ ಸಾಲಿಲ್ಲ. ಜಿಪಿಎಸ್ ಕೂಡ ಎಲೆಕ್ಟ್ರಾನಿಕ್ಸ್ ತಾನೆ ಅಂತ ವಾದ ಮಾಡಬಹುದು. ಆದರೆ ಮಾಡೆಲ್ ನಿಂತುಹೋಗಿದೆ, ಹೊಸದು ತಗೊಳ್ಳಿ ಅನ್ನೋ ಮಾತು ಬಂದರಿನಲ್ಲಿ ಕೇಳಿಸಿದಷ್ಟು ಬೇರೆಲ್ಲೂ ಕೇಳಿಸಲ್ಲ. ಮೀನುಗಾರರ ಸಂಘಗಳು ಡೀಸೆಲ್ ಸಬ್ಸಿಡಿಗೆ ಮನವಿ ಕೊಡುವಾಗ ಇದನ್ನೂ ಒಂದು ಸಾಲು ಸೇರಿಸಿದ್ರೆ ತಪ್ಪೇನಿಲ್ಲ. ರಜೆಯಲ್ಲಿ ಮೀನುಗಾರಿಕೆ ಇಲಾಖೆಯವರು ಬೋಟ್ ನೋಡೋಕೆ ಬಂದಾಗ ಲೈಫ್ ಜಾಕೆಟ್ ಎಣಿಸೋ ಹಾಗೆ ಕ್ಯಾಬಿನ್ ಒಳಗೆ ನಿಂತು ಅಂಕಿ ಓದೋಕೆ ಬರ್ತದಾ ಅಂತಲೂ ನೋಡಲಿ. ಅದಕ್ಕೆ ಬಜೆಟ್ ಬೇಡ.

ಟ್ರಾನ್ಸ್‌ಪಾಂಡರ್ ಹಾಕಿಸಿಕೊಂಡವರಿಗೆ ಒಂದು ಮಾತು. ಕ್ಯಾಬಿನ್ ಮೇಲೆ ಕೂರಿಸಿದ ಆಂಟೆನಾದ ಪ್ಲಾಸ್ಟಿಕ್ ಕವರಿಗೆ ಬೋಟಿನ ಜೊತೆ ಪೈಂಟ್ ಹೊಡೆಸಬೇಡಿ. ಲೋಹದ ಪುಡಿ ಇರೋ ಬೆಳ್ಳಿ ಬಣ್ಣ ಆದ್ರೆ ಸಿಗ್ನಲ್‌ಗೆ ಅಡ್ಡ ಬರ್ತದೆ. ಪೈಂಟಿನವನಿಗೆ ಮೊದಲೇ ಹೇಳಿ, ಹೇಳದಿದ್ದರೆ ಅವನು ಕಂಡದ್ದಕ್ಕೆಲ್ಲ ಹೊಡೀತಾನೆ.

ಹುಡುಗರು ಈಗ ಮೊಬೈಲ್ ಮ್ಯಾಪ್ ನೋಡಿಯೇ ಹೋಗ್ತಾರೆ, ಇದೆಲ್ಲ ಯಾಕೆ ಅನ್ನೋರೂ ಇದ್ದಾರೆ. ಮೊಬೈಲಿನದ್ದು ಗಾಜಿನ ಪರದೆ, ಸುಲಭಕ್ಕೆ ಮಂಜಾಗಲ್ಲ, ಒಪ್ಪಿದೆ. ಮೀನಿನ ಲೋಳೆ ಮೆತ್ತಿದ ಒದ್ದೆ ಕೈಯಲ್ಲಿ, ಮಳೆಯಲ್ಲಿ ಅದನ್ನ ಒತ್ತಿ ನೋಡಿ, ಆಮೇಲೆ ಮಾತಾಡುವ.

ಮಾವನ ಜಿಪಿಎಸ್ ಮುಂದಿನ ಹಾಳೆ ಮೊನ್ನೆ ಬದಲಿಸಿದೆವು. ಬೋರ್ಡ್ ಅಂಗಡಿಯವರು ಕತ್ತರಿಸಿ ಕೊಟ್ಟದ್ದು ಒಂದು ಮಿ.ಮೀ. ಅಗಲ ಹೆಚ್ಚಾಗಿತ್ತು, ಅರ ಹಾಕಿ ತಿಕ್ಕಿ ಕೂರಿಸಿದೆವು. ದಿಕ್ಸೂಚಿಯ ಗುಮ್ಮಟ ಎಲ್ಲೂ ಸಿಗಲಿಲ್ಲ. ಹೊಸ ದಿಕ್ಸೂಚಿ ತರಿಸಿ ಅಂತ ಓನರಿಗೆ ಹೇಳಿದ್ದೇವೆ. ಸಮುದ್ರಪೂಜೆ ಆದ ಮೇಲೆ ನೋಡುವ ಅಂದಿದ್ದಾರೆ. ಪೂಜೆಗೆ ಮೊದಲೇ ಬರಬೇಕು ಅಂತ ಮಾವ ಪಟ್ಟು ಹಿಡಿದು ಕೂತಿದ್ದಾರೆ.